ತೆರೆದಾಗ ಕಾಣುವ ಪುಟ



ಹುಣಸೂರು, ಪಿರಿಯಾಪಟ್ಟಣದ ಸೀಮೆಯ ರೈತರಿಗೆ ‘ಡಿಫಾಲ್ಟ್’ ಎಂಬ ಇಂಗ್ಲಿಷ್ ಪದ ಅಪರಿಚಿತವಲ್ಲ. ತಂಬಾಕಿನ ಬ್ಯಾರನ್ನಿಗೆಂದು ಸಾಲ ಮಾಡಿದವರು, ಸಹಕಾರ ಸಂಘದ ಮೆಟ್ಟಿಲು ಹತ್ತಿ ಇಳಿದವರು ಅದರ ಕನ್ನಡವನ್ನೂ ಬಲ್ಲರು. ಅದು ಸುಸ್ತಿ. ಕಂತು ತಪ್ಪಿಸಿದವನು ಸುಸ್ತಿದಾರ. ಹೀಗಿರುವಾಗ ಗಣಕಯಂತ್ರದ ಮುಂದೆ ಕುಳಿತ ರೈತನ ಮಗನಿಗೆ ಯಾರಾದರೂ “ಇದನ್ನು ಡಿಫಾಲ್ಟ್ ಮಾಡ್ಕೊಳಪ್ಪ” ಎಂದರೆ ಅವನು ಗಾಬರಿಯಿಂದ ತಿರುಗಿ ನೋಡುವುದು ಸಹಜವೇ. ವಾಸ್ತವವಾಗಿ ಎರಡೂ ಅರ್ಥಗಳ ಬೇರು ಒಂದೇ: ಮಾಡಬೇಕಾದುದನ್ನು ಮಾಡದೆ ಉಳಿಯುವುದು. ಬ್ಯಾಂಕಿನಲ್ಲಿ ಅದು ಕಟ್ಟದೆ ಉಳಿದ ಕಂತು. ಗಣಕಯಂತ್ರದಲ್ಲಿ, ನಾವು ಏನನ್ನೂ ಹೇಳದೆ ಉಳಿದಾಗ ಯಂತ್ರ ತಾನಾಗಿ ಹಿಡಿಯುವ ದಾರಿ. ಪರಿಭಾಷೆ ರೂಪಿಸಿದವರು ಇದನ್ನು ‘ಪೂರ್ವನಿಯೋಜಿತ’ ಎಂದು ಕರೆದಿದ್ದಾರೆ. ಪೂರ್ವದಲ್ಲಿ ನಿಯೋಜಿಸಿದವರು ಯಾರು, ಯಾರಿಗಾಗಿ ಎಂಬ ಪ್ರಶ್ನೆಯೂ ಆ ಪದದೊಳಗೇ ಕುಳಿತಿದೆ.

ನಾನು ಇಲ್ಲಿ ಬರೆಯಹೊರಟಿರುವುದು ಅಂತಹ ಒಂದು ಪುಟ್ಟ ಪೂರ್ವನಿಯೋಜನೆಯ ಕುರಿತು. ಬರೆಯುವ ತಂತ್ರಾಂಶದಲ್ಲಿ ಒಂದು ಕಡತವನ್ನು ತೆರೆದಾಗ ಅದು ನಮ್ಮ ಕಣ್ಣಿಗೆ ಯಾವ ರೂಪದಲ್ಲಿ, ಎಷ್ಟು ದೊಡ್ಡದಾಗಿ ಕಾಣಿಸಿಕೊಳ್ಳಬೇಕು ಎಂಬ ವಿಷಯ. ಒಬ್ಬ ಗುರು ಬರೆಯಬೇಕಾದ ವಿಷಯವೇ ಇದು ಎಂದು ನೀವು ಕೇಳಬಹುದು. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಎಚ್.ಡಿ. ಕೋಟೆ ಈ ನಾಲ್ಕು ತಾಲ್ಲೂಕುಗಳಲ್ಲಿ ಧರ್ಮಕೇಂದ್ರದ ಕಚೇರಿ, ಶಾಲೆ, ಡಿಟಿಪಿ ಅಂಗಡಿ ಎಂದು ಹಲವು ಗಣಕಯಂತ್ರಗಳ ಪಕ್ಕದಲ್ಲಿ ನಾನು ಕುಳಿತಿದ್ದೇನೆ. ಜನರ ಹೆಸರು, ಹುಟ್ಟಿದ ದಿನ, ಮದುವೆಯ ದಿನ, ಜಮೀನಿನ ತಕರಾರು ಎಲ್ಲವೂ ಈಗ ಆ ಪರದೆಯ ಮೂಲಕವೇ ಕಾಗದಕ್ಕೆ ಇಳಿಯುತ್ತಿವೆ. ಪರದೆ ಏನನ್ನು ತೋರಿಸುತ್ತದೆ, ಏನನ್ನು ಮರೆಮಾಡುತ್ತದೆ ಎಂಬುದು ಆದ್ದರಿಂದ ಸಣ್ಣ ಸಂಗತಿಯಲ್ಲ.

ನಾವು ಗುರುಮಠದಲ್ಲಿ ಕಲಿಯುತ್ತಿದ್ದ ಕಾಲದಲ್ಲಿ ಈ ಸಮಸ್ಯೆಯೇ ಇರಲಿಲ್ಲ. ಬೆರಳಚ್ಚು ಯಂತ್ರಕ್ಕೆ ಹಾಳೆ ಸಿಕ್ಕಿಸಿದರೆ ಕಾಣುತ್ತಿದ್ದುದು ಆ ಹಾಳೆ ಮಾತ್ರ. ಸ್ಟೆನ್ಸಿಲ್ ಕೊರೆದು ಸೈಕ್ಲೋಸ್ಟೈಲ್ ಮಾಡುವಾಗಲೂ ಬರೆಯುವ ಜಾಗ, ಓದುವ ಜಾಗ ಎರಡೂ ಒಂದೇ. ಗಣಕಯಂತ್ರ ಬಂದ ಮೇಲೆ ಬರಹ ಬೇರೆ, ಬರಹದ ನೋಟ ಬೇರೆ ಆಯಿತು. ಒಳಗೆ ಇರುವ ಅಕ್ಷರಗಳು ಅವೇ; ಕಿಟಕಿ ಮಾತ್ರ ಬದಲಾಗುತ್ತದೆ.

ಪರದೆಯ ಮೇಲೆ ಕಾಗದವನ್ನೇ ತೋರಿಸಬೇಕೆಂಬ ಆಸೆಗೆ ಈಗ ಅರ್ಧ ಶತಮಾನ ತುಂಬಿದೆ. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿದ್ದ ಝೆರಾಕ್ಸ್ ಕಂಪನಿಯ ಸಂಶೋಧನಾ ಕೇಂದ್ರದಲ್ಲಿ 1973ರಲ್ಲಿ ‘ಆಲ್ಟೊ’ ಎಂಬ ಗಣಕಯಂತ್ರ ಸಿದ್ಧವಾಯಿತು. (ತಾಲ್ಲೂಕು ಕಚೇರಿಯ ಓಣಿಯಲ್ಲಿ “ಎರಡು ಝೆರಾಕ್ಸ್ ಕೊಡಿ” ಎನ್ನುತ್ತೇವಲ್ಲ, ಅದೇ ಝೆರಾಕ್ಸ್.) ಅದರ ಪರದೆ ಇಂದಿನವುಗಳಂತೆ ಅಡ್ಡಕ್ಕೆ ಮಲಗಿರಲಿಲ್ಲ, ಒಂದು ಹಾಳೆಯಂತೆ ಉದ್ದಕ್ಕೆ ನಿಂತಿತ್ತು. 1974ರಲ್ಲಿ ಬಟ್ಲರ್ ಲ್ಯಾಂಪ್ಸನ್, ಚಾರ್ಲ್ಸ್ ಸಿಮೋನಿ ಮತ್ತು ಸಂಗಡಿಗರು ಆ ಯಂತ್ರಕ್ಕಾಗಿ ‘ಬ್ರಾವೊ’ ಎಂಬ ಬರವಣಿಗೆಯ ತಂತ್ರಾಂಶವನ್ನು ರಚಿಸಿದರು. ಪರದೆಯಲ್ಲಿ ಕಂಡಂತೆಯೇ ಕಾಗದದಲ್ಲೂ ಬರಬೇಕು ಎಂಬುದು ಅದರ ಧ್ಯೇಯ. ಸಿಮೋನಿ ಮುಂದೆ ಮೈಕ್ರೋಸಾಫ್ಟ್ ಸೇರಿದರು. 1983ರಲ್ಲಿ ಹೊರಬಂದ ‘ವರ್ಡ್’ ಅವರ ಮುಂದಾಳುತನದ ಫಲ. ಪರದೆ ಮಾತ್ರ ಆಮೇಲೆ ಸಿನಿಮಾ ತೆರೆಯಂತೆ ಅಡ್ಡಕ್ಕೆ ಹಿಗ್ಗಿತು. ನಿಂತ ಹಾಳೆಯನ್ನು ಮಲಗಿದ ಪರದೆಯಲ್ಲಿ ಇಡಿಯಾಗಿ ತೋರಿಸಬೇಕೆಂದರೆ ಅದನ್ನು ಸುಮಾರು ಅರ್ಧಕ್ಕೆ ಕುಗ್ಗಿಸದೆ ವಿಧಿಯಿಲ್ಲ. ನಮ್ಮ ಹಿರಿಯರ ಕಣ್ಣುನೋವಿನ ಒಂದು ಮೂಲ ಇಲ್ಲಿದೆ.

ವರ್ಡ್ ಒಂದೇ ಬರಹವನ್ನು ಐದು ಬಗೆಯಲ್ಲಿ ತೋರಿಸಬಲ್ಲದು. ಹೆಚ್ಚಿನವರು ಜೀವಮಾನವಿಡೀ ಕಾಣುವುದು ‘ಪ್ರಿಂಟ್ ಲೇಔಟ್’ ಒಂದನ್ನೇ. ಮೇಜಿನ ಮೇಲೆ ಬಿಳಿ ಹಾಳೆ ಇಟ್ಟಂತೆ ಅಂಚು, ಪುಟಸಂಖ್ಯೆ, ತಲೆಬರಹ ಎಲ್ಲವೂ ಕಾಣುತ್ತವೆ. ‘ಡ್ರಾಫ್ಟ್’ ನೋಟದಲ್ಲಿ ಹಾಳೆಯೇ ಇಲ್ಲ. ಸಾಲುಗಳು ಮಾತ್ರ ಒಂದರ ಕೆಳಗೊಂದು ಹರಿಯುತ್ತವೆ. ಪುಟ ಮುಗಿದಲ್ಲಿ ಒಂದು ಚುಕ್ಕಿಗೆರೆ. ತಲೆಬರಹ ಕಾಣದು, ಅಕ್ಷರಗಳ ಮೇಲೆ ತೇಲುವ ಚಿತ್ರಗಳೂ ಕಾಣವು. 2007ರ ಆವೃತ್ತಿ ಬರುವವರೆಗೆ ಈ ನೋಟದ ಹೆಸರು ‘ನಾರ್ಮಲ್’ ಎಂದಿತ್ತು! ಬರೆಯುವವನಿಗೆ ಕಾಗದದ ಅಂಚು ಬೇಕಾಗಿಲ್ಲ, ಮಾತುಗಳಷ್ಟೇ ಸಾಕು, ಅದೇ ಸಹಜ ಸ್ಥಿತಿ ಎಂದು ಅದನ್ನು ಮಾಡಿದವರು ಒಂದು ಕಾಲದಲ್ಲಿ ನಂಬಿದ್ದರೆಂದು ಆ ಹೆಸರಿನಿಂದ ಊಹಿಸಬಹುದು. ಹೆಸರು ಬದಲಾದ ಮೇಲೆ ಅದು ಬರಿಯ ‘ಕರಡು’ ಆಯಿತು. ‘ವೆಬ್ ಲೇಔಟ್’ ಎಂಬುದರಲ್ಲಿ ಪುಟವೂ ಇಲ್ಲ, ಪುಟದ ಗೆರೆಯೂ ಇಲ್ಲ. ಕಿಟಕಿ ಎಷ್ಟು ಅಗಲವೋ ಸಾಲು ಅಷ್ಟು ಅಗಲ. ‘ಔಟ್‌ಲೈನ್’ ದೊಡ್ಡ ಪುಸ್ತಕ ಬರೆಯುವವರಿಗೆ, ಅದನ್ನು ಬಿಡೋಣ. ‘ರೀಡ್ ಮೋಡ್’ ಓದುವುದಕ್ಕೆ ಮಾತ್ರ, ಅಲ್ಲಿ ಬರೆಯಲಾಗದು. ಅದರ ಕಥೆ ಆಮೇಲೆ ಬರುತ್ತದೆ.

ಕೃಷ್ಣರಾಜನಗರದ ಕಡೆಯ ನಿವೃತ್ತ ಮೇಷ್ಟರೊಬ್ಬರು ನನ್ನ ಸ್ನೇಹಿತರು. ನಮ್ಮ ಸಭೆಯವರಲ್ಲ, ಶಾಲೆಯ ಕೆಲಸದಲ್ಲಿ ಪರಿಚಯವಾದವರು. ತಮ್ಮ ಊರಿನ ನೆನಪುಗಳನ್ನು ಬರೆಯುತ್ತಿದ್ದರು. ನಾಲೆ ನೀರು, ಭತ್ತದ ಗದ್ದೆ, ಆಲೆಮನೆ, ಚುಂಚನಕಟ್ಟೆಯ ದನಗಳ ಜಾತ್ರೆ, ಕೃಷ್ಣರಾಜನಗರವನ್ನು ಎಡತೊರೆ ಎಂದೇ ಕರೆಯುತ್ತಿದ್ದ ಅಜ್ಜಿಯರು. ಮೊಮ್ಮಗ ಬಿಟ್ಟುಹೋದ ಲ್ಯಾಪ್‌ಟಾಪಿನಲ್ಲಿ ಒಂದೊಂದೇ ಬೆರಳಿನಿಂದ ಟೈಪ್ ಮಾಡಿ ಎರಡು ವರ್ಷ ದುಡಿದಿದ್ದರು. ಒಮ್ಮೆ ಭೇಟಿಯಾದಾಗ ಮುಖ ಬಾಡಿತ್ತು. ಮುದ್ರಿಸುವವರು ಪುಟಕ್ಕೆ ಇಷ್ಟು ಎಂದು ಲೆಕ್ಕ ಹೇಳಿದ್ದರಂತೆ. ಅವರ ಬರಹ 310 ಪುಟವಾಗಿತ್ತು. ಅಷ್ಟು ಹಣ ಹೊಂದಿಸಲಾರೆ, ಇದನ್ನು ಇಲ್ಲಿಗೇ ಬಿಡುತ್ತೇನೆ ಎಂಬ ತೀರ್ಮಾನಕ್ಕೆ ಬಂದಿದ್ದರು.

ಕಡತ ತೆರೆದು ನೋಡಿದೆ. ಅಕ್ಷರದ ಗಾತ್ರ 22 ಇತ್ತು.

“ಇಷ್ಟು ದೊಡ್ಡ ಅಕ್ಷರ ಯಾಕೆ ಮೇಷ್ಟ್ರೇ?” ಎಂದು ಕೇಳಿದೆ.

“ದೊಡ್ಡದು ಮಾಡಿದ್ರೆ ತಾನೇ ಫಾದರ್ ಕಾಣೋದು? ಕಣ್ಣು ಆಪರೇಷನ್ ಆಗಿದೆ ನನಗೆ” ಎಂದರು.

ಓದುಗರೇ, ಇದು ಒಬ್ಬರ ಕಥೆಯಲ್ಲ. ಅಕ್ಷರವನ್ನು ದೊಡ್ಡದು ಮಾಡುವುದು ಬೇರೆ, ನೋಟವನ್ನು ಹತ್ತಿರ ತಂದುಕೊಳ್ಳುವುದು ಬೇರೆ ಎಂದು ನಮ್ಮ ಹಿರಿಯರಿಗೆ ಯಾರೂ ಹೇಳಿಕೊಟ್ಟಿಲ್ಲ. ಪುಸ್ತಕವನ್ನು ಓದಲು ಭೂತಗನ್ನಡಿ ಹಿಡಿಯುತ್ತೇವೆಯೇ ಹೊರತು ಪುಸ್ತಕವನ್ನೇ ದೊಡ್ಡದಾಗಿ ಅಚ್ಚು ಹಾಕಿಸುವುದಿಲ್ಲ. ಪರದೆಯ ಕೆಳಗೆ ಬಲತುದಿಯಲ್ಲಿರುವ ಝೂಮ್ ಪಟ್ಟಿ ಆ ಭೂತಗನ್ನಡಿ. ಕಂಟ್ರೋಲ್ ಕೀಲಿಯನ್ನು ಒತ್ತಿಹಿಡಿದು ಮೌಸಿನ ಚಕ್ರ ತಿರುಗಿಸಿದರೂ ಅದೇ ಕೆಲಸ. ಮೇಷ್ಟರ ಕಡತದ ಅಕ್ಷರವನ್ನು 14ಕ್ಕೆ ಇಳಿಸಿದೆ. 310 ಪುಟ 126ಕ್ಕೆ ಬಂದು ನಿಂತಿತು. ಆಮೇಲೆ ನೋಟವನ್ನು ವೆಬ್ ಲೇಔಟಿಗೆ ಬದಲಿಸಿ ಝೂಮನ್ನು 180ಕ್ಕೆ ಏರಿಸಿದೆ. ಪ್ರಿಂಟ್ ಲೇಔಟಿನಲ್ಲಿಯೇ ಇಷ್ಟು ಹಿಗ್ಗಿಸಿದರೆ ಸಣ್ಣ ಪರದೆಯಲ್ಲಿ ಸಾಲಿನ ಬಲತುದಿ ಹೊರಗೆ ಓಡಿಹೋಗುತ್ತದೆ. ಪ್ರತಿ ಸಾಲಿಗೂ ಅತ್ತಿತ್ತ ಎಳೆದಾಡಬೇಕು. ವೆಬ್ ಲೇಔಟಿನಲ್ಲಿ ಸಾಲು ಕಿಟಕಿಯೊಳಗೇ ಮಡಚಿಕೊಳ್ಳುತ್ತದೆ. ಅವರು ಮೊದಲು ಕೇಳಿದ್ದು “ಪುಟ ಎಲ್ಲೋಯ್ತು?” ಎಂದು. ಎರಡನೆಯದು “ನಾಳೆ ತೆಗೆದಾಗಲೂ ಹೀಗೇ ಇರ್ತದಾ?” ಎಂದು.

ಎರಡನೆಯ ಪ್ರಶ್ನೆಯೇ ಈ ಲೇಖನದ ಹೃದಯ. ಬದಲಿಸುವುದು ಸುಲಭ, ಬದಲಿಸಿದ್ದು ನಾಳೆಯೂ ನಿಲ್ಲಬೇಕು. ವರ್ಡ್‌ನಲ್ಲಿ ನೋಟ ಮತ್ತು ಝೂಮ್ ಕಡತದೊಳಗೇ ಉಳಿಯುತ್ತವೆ. ಆದರೆ ಒಂದು ಷರತ್ತು ಉಂಟು. ಬರಹದಲ್ಲಿ ಏನೂ ಬದಲಾಗದಿದ್ದರೆ ಉಳಿಸಬೇಕಾದದ್ದು ಇಲ್ಲವೆಂದು ತಂತ್ರಾಂಶ ಭಾವಿಸುತ್ತದೆ. ಆದ್ದರಿಂದ ನೋಟ ಬದಲಿಸಿದ ಮೇಲೆ ಒಂದು ಖಾಲಿ ಜಾಗವನ್ನು ಒತ್ತಿ, ಅಳಿಸಿ, ಆಮೇಲೆ ಸೇವ್ ಮಾಡಬೇಕು. ಡ್ರಾಫ್ಟ್ ನೋಟಕ್ಕೆ ಇನ್ನೊಂದು ಬೀಗವಿದೆ. ಫೈಲ್, ಆಪ್ಷನ್ಸ್, ಅಡ್ವಾನ್ಸ್ಡ್ ಎಂದು ಹೋಗಿ, ಕೆಳಗೆ ‘ಜನರಲ್’ ಭಾಗದಲ್ಲಿ ಡ್ರಾಫ್ಟ್ ನೋಟದಲ್ಲಿ ಕಡತ ತೆರೆಯಲು ಅನುಮತಿ ನೀಡುವ ಚೌಕಕ್ಕೆ ಗುರುತು ಹಾಕದಿದ್ದರೆ ನೀವು ಎಷ್ಟು ಸಲ ಡ್ರಾಫ್ಟಿನಲ್ಲಿ ಉಳಿಸಿದರೂ ಅದು ಮರುದಿನ ಹಾಳೆಯಾಗಿಯೇ ತೆರೆದುಕೊಳ್ಳುತ್ತದೆ. ಹೊಸದಾಗಿ ತೆರೆಯುವ ಖಾಲಿ ಕಡತಗಳೆಲ್ಲ ‘ನಾರ್ಮಲ್’ ಎಂಬ ಮೂಲಮಾದರಿಯನ್ನು ನೋಡಿ ತಮ್ಮ ರೂಪ ಪಡೆಯುತ್ತವೆ. ಆ ಮಾದರಿಯನ್ನು ವರ್ಡ್‌ನ ಒಳಗಿನಿಂದಲೇ ತೆರೆದು, ಬೇಕಾದ ನೋಟ, ಝೂಮ್ ಇಟ್ಟು, ಅದೇ ಖಾಲಿ ಜಾಗದ ಉಪಾಯ ಮಾಡಿ ಉಳಿಸಿದರೆ ಮುಂದಿನ ಹೊಸ ಕಡತಗಳು ಹಾಗೆಯೇ ಹುಟ್ಟುತ್ತವೆ. ಹಣ ಕೊಡದೆ ದೊರೆಯುವ ಲಿಬ್ರೆ ಆಫೀಸಿನಲ್ಲಿ ಇದು ಇನ್ನೂ ಸರಳ: ನಿಮ್ಮದೇ ಮಾದರಿಯೊಂದನ್ನು ಮಾಡಿ, ಟೆಂಪ್ಲೇಟುಗಳ ಪಟ್ಟಿಯಲ್ಲಿ ಅದನ್ನೇ ಡಿಫಾಲ್ಟ್ ಎಂದು ಆರಿಸಿದರೆ ಮುಗಿಯಿತು.

ಈಗ ರೀಡ್ ಮೋಡಿನ ಕಥೆ. ಎಚ್.ಡಿ. ಕೋಟೆಯ ಕಡೆ, ಕಬಿನಿ ಹಿನ್ನೀರಿನ ಆಚೆಯ ಹಳ್ಳಿಯಿಂದ ಒಬ್ಬ ತಾಯಿ ಮಗಳ ಮದುವೆಯ ಕಾಗದಪತ್ರಕ್ಕಾಗಿ ಒಂದು ಕಚೇರಿಗೆ ಬಂದಿದ್ದರು. ಆ ದಿನ ನಾನೂ ಬೇರೆ ಕೆಲಸಕ್ಕಾಗಿ ಅಲ್ಲಿದ್ದೆ. ಬೇರೊಂದು ಊರಿನಿಂದ ಮಿಂಚಂಚೆಯಲ್ಲಿ ನಮೂನೆ ಬಂದಿತ್ತು. ಅದನ್ನು ತುಂಬಿ ಕೊಡಬೇಕಿತ್ತು. ಕಚೇರಿಯ ಹುಡುಗಿ ತೆರೆದಳು. ಬರಹವು ಎರಡು ಪುಟಗಳ ಪುಸ್ತಕದಂತೆ ಪರದೆಯ ತುಂಬ ಹರಡಿಕೊಂಡಿತು. ಅಂದವಾಗಿಯೇ ಇತ್ತು. ಆದರೆ ಕೀಲಿ ಎಷ್ಟು ಒತ್ತಿದರೂ ಒಂದಕ್ಷರ ಮೂಡಲಿಲ್ಲ. ಅವಳು ಅರ್ಧ ಗಂಟೆ ಪ್ರಯತ್ನಿಸಿ, “ಫೈಲ್ ಲಾಕ್ ಆಗಿದೆ ಅಮ್ಮ, ನಾಳೆ ಬನ್ನಿ” ಎಂದಳು. ಆ ತಾಯಿ ಏನೂ ಮಾತನಾಡದೆ ಚೀಲ ಎತ್ತಿಕೊಂಡರು. ನಾಳೆ ಬನ್ನಿ ಎಂದರೆ ಇನ್ನೊಂದು ದಿನದ ಕೂಲಿ, ಎರಡು ಬಸ್ಸು, ಸಂಜೆಯೊಳಗೆ ಕಾಡಂಚಿನ ಊರು ಮುಟ್ಟುವ ಆತಂಕ.

ಕಡತಕ್ಕೆ ಬೀಗ ಬಿದ್ದಿರಲಿಲ್ಲ. ಮಿಂಚಂಚೆಯಲ್ಲಿ ಬಂದ ಕಡತಗಳನ್ನು ಓದುವ ನೋಟದಲ್ಲಿಯೇ ತೆರೆಯಬೇಕೆಂದು ಆ ಯಂತ್ರದಲ್ಲಿ ಪೂರ್ವನಿಯೋಜನೆ ಇತ್ತು, ಅಷ್ಟೇ. ಎಸ್ಕೇಪ್ ಕೀಲಿ ಒತ್ತಿದಾಗ ಹಾಳೆ ಮರಳಿತು. ಮೇಲೆ ಕಾಣುವ ಹಳದಿ ಪಟ್ಟಿಯಲ್ಲಿ ‘ಎನೇಬಲ್ ಎಡಿಟಿಂಗ್’ ಎಂಬುದನ್ನು ಒತ್ತಿದಾಗ ಅಕ್ಷರ ಮೂಡಿತು. ಮತ್ತೆ ಹೀಗಾಗದಿರಲು ಫೈಲ್, ಆಪ್ಷನ್ಸ್, ಜನರಲ್‌ನ ತುದಿಯಲ್ಲಿ ಮಿಂಚಂಚೆಯ ಲಗತ್ತುಗಳನ್ನು ರೀಡಿಂಗ್ ವ್ಯೂನಲ್ಲಿ ತೆರೆಯುವ ಚೌಕವಿದೆ. ಅದರ ಗುರುತು ತೆಗೆದರೆ ಸಾಕು. ಹಳದಿ ಪಟ್ಟಿಯನ್ನು ಮಾತ್ರ ಯಾರೂ ಶಾಶ್ವತವಾಗಿ ತೆಗೆಸಬೇಡಿ. ಹೊರಗಿನಿಂದ ಬಂದ ಕಡತದಲ್ಲಿ ಕೇಡು ಇರಬಹುದೆಂದು ಅದು ಬಾಗಿಲಲ್ಲಿ ನಿಲ್ಲಿಸಿ ಕೇಳುತ್ತದೆ. ಕಳುಹಿಸಿದವರು ಪರಿಚಿತರಾದರೆ ಒಳಗೆ ಬಿಟ್ಟುಕೊಳ್ಳಬಹುದು.

ಹೆಸರಿನ ವಿಷಯವನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ನಮ್ಮ ಮೈಸೂರು ಧರ್ಮಕ್ಷೇತ್ರದಲ್ಲಿ ಪ್ರಧಾನಾಲಯದ ಸಂತಳ ಹೆಸರನ್ನು ಹೊತ್ತ ಹೆಣ್ಣುಮಕ್ಕಳು ಮನೆಗೊಬ್ಬರು ಎಂಬಂತೆ ಇದ್ದಾರೆ. ದೀಕ್ಷಾಸ್ನಾನದ ದಾಖಲೆಯಲ್ಲಿ ‘ಫಿಲೋಮಿನ’, ಪಡಿತರ ಚೀಟಿಯಲ್ಲಿ ‘ಪಿಲೋಮಿನ’. ಎರಡು ಅಕ್ಷರಗಳ ನಡುವಿನ ಅಂತರ ಒಂದು ಪುಟ್ಟ ಗೀಟು. ಇಡೀ ಪುಟವನ್ನು ಪರದೆಗೆ ಹೊಂದಿಸಿ ಅರ್ಧಕ್ಕೆ ಕುಗ್ಗಿಸಿದ ನೋಟದಲ್ಲಿ ಆ ಗೀಟು ಯಾರಿಗೂ ಕಾಣದು. ‘ದ’, ‘ಧ’ಗಳಿಗೂ ಇದೇ ಗತಿ. ಹುಣಸೂರಿನ ಹೊಳೆಯ ಹೆಸರು ಬರೆದು ನೋಡಿ: ಲಕ್ಷ್ಮಣತೀರ್ಥ. ‘ಕ’ದ ಕೆಳಗೆ ‘ಷ’, ಅದರ ಜೊತೆಗೆ ‘ಮ’. ಇಂಗ್ಲಿಷ್ ಅಕ್ಷರಕ್ಕೆ ಸಾಕೆನಿಸುವ ಝೂಮ್ ಕನ್ನಡದ ಒತ್ತಕ್ಷರಕ್ಕೆ ಸಾಲದು. ಪ್ರಮಾಣಪತ್ರ ಬರೆಯುವ ಯಂತ್ರಗಳಲ್ಲಿ ‘ಪೇಜ್ ವಿಡ್ತ್’ ಎಂಬ ಝೂಮನ್ನೇ ಇರಿಸಿಕೊಳ್ಳಬೇಕೆಂದು ನಾನು ಒತ್ತಾಯಿಸುವುದು ಇದಕ್ಕಾಗಿ. ಹಾಳೆಯ ಅಗಲ ಪರದೆಯ ಅಗಲಕ್ಕೆ ಹೊಂದುತ್ತದೆ, ಅಕ್ಷರ ನಿಚ್ಚಳವಾಗುತ್ತದೆ, ಹಾಳೆಯೂ ಕಾಣುತ್ತದೆ. ಸಾಲಿನ ಎತ್ತರವನ್ನು ‘ಎಗ್ಸ್ಯಾಕ್ಟ್‌ಲಿ’ ಎಂದು ಕಟ್ಟಿಹಾಕಿದ್ದರೆ ಒತ್ತಕ್ಷರಗಳ ಬುಡವೇ ಕತ್ತರಿಸಿಹೋಗುವುದುಂಟು; ಅದೂ ಹತ್ತಿರದಿಂದ ನೋಡಿದರೆ ತಾನೇ ತಿಳಿಯುವುದು?

ಹುಣಸೂರಿನ ಒಂದು ಡಿಟಿಪಿ ಅಂಗಡಿಯ ಹೆಣ್ಣುಮಗಳು ಈ ವಿಷಯದಲ್ಲಿ ನನಗಿಂತ ಹೆಚ್ಚು ಬಲ್ಲವಳು. ದಿನವೂ ಅರ್ಜಿ, ಕರಾರುಪತ್ರ, ತಕರಾರು ಎಂದು ಹತ್ತಾರು ಬರಹಗಳನ್ನು ಟೈಪ್ ಮಾಡುತ್ತಾಳೆ. ಅರ್ಜಿದಾರ ಎದುರಿಗೆ ಕುಳಿತಿದ್ದರೆ ಪ್ರಿಂಟ್ ಲೇಔಟ್. ಒಬ್ಬಳೇ ಇದ್ದರೆ ಡ್ರಾಫ್ಟ್. ಯಾಕಮ್ಮ ಹೀಗೆ ಎಂದು ಕೇಳಿದೆ. “ಕಾಗದ ಕಾಣಿಸ್ತಿದ್ರೆ ಅವರಿಗೆ ನಂಬಿಕೆ ಫಾದರ್. ನಮ್ಮ ಅರ್ಜಿ ಆಗ್ತಿದೆ ಅಂತ ನೋಡ್ತಾ ಕೂತಿರ್ತಾರೆ. ನನಗೆ ಕಾಗದ ಬೇಡ, ಅಕ್ಷರ ಸಾಕು” ಎಂದಳು. ಯಾವ ಕೈಪಿಡಿಯಲ್ಲಿಯೂ ನಾನು ಇಷ್ಟು ಚೊಕ್ಕದಾಗಿ ಓದಿಲ್ಲ.

ಅವಳ ಅಂಗಡಿಯಲ್ಲಿಯೇ ಇನ್ನೊಂದು ವಿಚಿತ್ರವನ್ನೂ ಕಂಡೆ. ಅವಳು ಬಳಸುವುದು ಕನ್ನಡ ಗಣಕ ಪರಿಷತ್ತಿನ ‘ನುಡಿ’. ಅದರ ಹಳೆಯ ಅಕ್ಷರಶೈಲಿಗಳು ಯೂನಿಕೋಡಿನವಲ್ಲ. ಒಳಗೆ ಇಂಗ್ಲಿಷ್ ಅಕ್ಷರಗಳ ಸಂಕೇತಗಳನ್ನೇ ಇಟ್ಟುಕೊಂಡು ಹೊರಗೆ ಕನ್ನಡದ ವೇಷ ತೊಡಿಸುವಂಥವು. ಆ ಶೈಲಿ ಇಲ್ಲದಿದ್ದರೆ ಕನ್ನಡದ ಬದಲು ತಲೆಯ ಮೇಲೆ ಗೆರೆ ಚುಕ್ಕಿ ಹೊತ್ತ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ. ಒಂದು ದಿನ ಡ್ರಾಫ್ಟ್ ನೋಟಕ್ಕೆ ಹೋದೊಡನೆ ಇಡೀ ಬರಹ ಅಂತಹ ರಾಶಿಯಾಗಿಬಿಟ್ಟಿತಂತೆ. ಹಾಳೆಯ ನೋಟಕ್ಕೆ ಬಂದರೆ ಮತ್ತೆ ಕನ್ನಡ. ವೈರಸ್ ಎಂದು ಯಾರೋ ಹೇಳಿ, ಯಂತ್ರವನ್ನು ಮೈಸೂರಿಗೆ ಒಯ್ಯಲು ಹೊರಟಿದ್ದಳು. ವೈರಸ್ಸೂ ಇಲ್ಲ, ಏನೂ ಇಲ್ಲ. ಡ್ರಾಫ್ಟ್ ನೋಟದಲ್ಲಿ ಎಲ್ಲವನ್ನೂ ಸಾದಾ ‘ಡ್ರಾಫ್ಟ್ ಫಾಂಟಿ’ನಲ್ಲಿ ತೋರಿಸುವ ಒಂದು ಚೌಕ ಆಪ್ಷನ್ಸ್‌ನ ಅಡ್ವಾನ್ಸ್ಡ್ ಭಾಗದಲ್ಲಿದೆ. ಅದಕ್ಕೆ ಯಾರೋ ಗುರುತು ಹಾಕಿದ್ದರು. ವೇಷ ಕಳಚಿದೊಡನೆ ಒಳಗಿನ ಸಂಕೇತ ಹೊರಬಿತ್ತು. ಯೂನಿಕೋಡಿನಲ್ಲಿ ಬರೆದ ಕನ್ನಡಕ್ಕೆ ಈ ಭಯವಿಲ್ಲ. ಅದು ಒಳಗೂ ಕನ್ನಡವೇ. ಧರ್ಮಕೇಂದ್ರಗಳ ಹಳೆಯ ಕಡತಗಳನ್ನು ಯೂನಿಕೋಡಿಗೆ ಪರಿವರ್ತಿಸಿಡುವುದು ಇಂದಿನ ತುರ್ತು ಎಂದು ನನಗೆ ಅನಿಸುತ್ತದೆ. ಅದನ್ನು ಇನ್ನೊಮ್ಮೆ ಬರೆಯಬೇಕು.

ಹಾಳೆ ಎಂದರೆ ನಿಂತ ಆಯತವೇ ಏಕಾಗಬೇಕು? ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಗೆ ಹೋದವರು ಈ ಪ್ರಶ್ನೆ ಕೇಳದೆ ಇರಲಾರರು. 1960ರ ದಶಕದ ಆರಂಭದಲ್ಲಿ ಟಿಬೆಟಿನಿಂದ ಬಂದ ನಿರಾಶ್ರಿತರು ನೆಲೆಸಿದ ಊರು. 1963ರಲ್ಲಿ ಸ್ಥಾಪನೆಯಾದ ನಾಮ್‌ಡ್ರೋಲಿಂಗ್ ಮಠವನ್ನು ನಮ್ಮ ಜನ ‘ಗೋಲ್ಡನ್ ಟೆಂಪಲ್’ ಎಂದೇ ಕರೆಯುತ್ತಾರೆ. ಅಲ್ಲಿನ ಸನ್ಯಾಸಿಗಳು ಪ್ರಾರ್ಥನೆಗೆ ಹಿಡಿಯುವ ಗ್ರಂಥಗಳು ಅಡ್ಡಕ್ಕೆ ಉದ್ದವಾದ ಬಿಡಿ ಹಾಳೆಗಳು. ಪೆಚಾ ಎಂದು ಅದರ ಹೆಸರು. ಬಟ್ಟೆಯಲ್ಲಿ ಸುತ್ತಿ, ಬಿಚ್ಚಿ, ಒಂದೊಂದೇ ಹಾಳೆಯನ್ನು ಮಗುಚಿ ಓದುತ್ತಾರೆ. ನಮ್ಮ ತಾಳೆಗರಿಯ ಹಸ್ತಪ್ರತಿಗಳೂ ಇದೇ ಆಕಾರದವು. 1891ರಲ್ಲಿ ಆರಂಭವಾದ ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದಲ್ಲಿ ಅಂಥವನ್ನು ಇಂದಿಗೂ ಕಾಪಾಡಿಕೊಂಡು ಬಂದಿದ್ದಾರೆ. ಆರ್. ಶಾಮಾಶಾಸ್ತ್ರಿಗಳು 1905ರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿದ್ದು ಆ ಸಂಗ್ರಹದ ಗರಿಗಳಲ್ಲಿಯೇ. ನಮ್ಮ ಅಜ್ಜಂದಿರ ‘ಡಿಫಾಲ್ಟ್’ ಪುಟ ಮಲಗಿತ್ತು. ದೀಕ್ಷಾಸ್ನಾನದ ದೊಡ್ಡ ರಿಜಿಸ್ಟರುಗಳೂ ತೆರೆದಾಗ ಎರಡು ಪುಟಗಳ ಅಗಲಕ್ಕೆ ಮಲಗುತ್ತವೆ. ಮಗುವಿನ ಹೆಸರಿನಿಂದ ಹಿಡಿದು ಜ್ಞಾನತಂದೆ ತಾಯಿಯರ ಹೆಸರಿನವರೆಗೆ ಒಂದೇ ಸಾಲು. ಅಂಥ ಸಾಲನ್ನು ಗಣಕಯಂತ್ರಕ್ಕೆ ನಕಲು ಮಾಡುವವರು ನಿಂತ ಹಾಳೆಯಲ್ಲಿ ಹೆಣಗಾಡಬಾರದು. ಪುಟವನ್ನು ಮಲಗಿಸಿ, ಇಲ್ಲವೇ ವೆಬ್ ಲೇಔಟಿನಲ್ಲಿ ಕೋಷ್ಟಕವನ್ನು ಅಗಲಕ್ಕೆ ಬಿಟ್ಟು, ಬರೆದರೆ ಕಣ್ಣು ಒಂದೇ ಸಾಲಿನಲ್ಲಿ ನಿಲ್ಲುತ್ತದೆ. ಒಬ್ಬರ ತಂದೆಯ ಹೆಸರು ಇನ್ನೊಬ್ಬರ ಸಾಲಿಗೆ ಜಾರದು.

ನನ್ನ ಸ್ವಂತ ಅಭ್ಯಾಸವನ್ನು ಕೇಳಿದರೆ, ಪ್ರಬೋಧನೆಯನ್ನು ನಾನು ಬರೆಯುವುದು ಡ್ರಾಫ್ಟ್ ನೋಟದಲ್ಲಿ, 150ರ ಝೂಮಿನಲ್ಲಿ. ಹಾಳೆ ಕಂಡರೆ ಅದನ್ನು ತುಂಬಿಸುವ ಚಪಲ ಹುಟ್ಟುತ್ತದೆ. ಇನ್ನೂ ಮೂರು ಬೆರಳು ಜಾಗ ಇದೆಯಲ್ಲ ಎಂದು ಮನಸ್ಸು ಮಾತು ಹುಡುಕುತ್ತದೆ. ಆದರೆ ಪುಟ ಕಾಣದ ನೋಟಕ್ಕೆ ಅದರದೇ ಅಪಾಯವಿದೆ. ಬರಹ ಎಷ್ಟು ಬೆಳೆಯಿತೆಂದು ತಿಳಿಯುವುದಿಲ್ಲ. 2024ರ ಜೂನ್ ತಿಂಗಳಲ್ಲಿ ಅಂದಿನ ಜಗದ್ಗುರು ಪೋಪ್ ಫ್ರಾನ್ಸಿಸರು ಪ್ರಬೋಧನೆ ಎಂಟು ನಿಮಿಷ ಮೀರಬಾರದೆಂದು ಗುರುಗಳಿಗೆ ಹೇಳಿದ್ದು ನಿಮ್ಮಲ್ಲಿ ಹಲವರಿಗೆ ನೆನಪಿರುತ್ತದೆ. ನನ್ನ ಧರ್ಮಕೇಂದ್ರದವರಂತೂ ಅದನ್ನು ಮರೆಯಲು ಬಿಟ್ಟಿಲ್ಲ. ಆದ್ದರಿಂದ ಶನಿವಾರ ಸಂಜೆ ಒಮ್ಮೆ ಪ್ರಿಂಟ್ ಲೇಔಟಿಗೆ ಹೋಗಿ ಎಷ್ಟು ಹಾಳೆಯಾಯಿತೆಂದು ನೋಡಿ, ಕತ್ತರಿ ಹಿಡಿಯುತ್ತೇನೆ.

ಬರಹದ ನೋಟ ಓದುಗನ ಉಸಿರಿಗೆ ಹೊಂದಬೇಕೆಂಬುದು ಹಳೆಯ ಚಿಂತೆ. ಪವಿತ್ರಗ್ರಂಥವನ್ನು ಲತೀನಿಗೆ ಅನುವಾದಿಸಿದ ಸಂತ ಜೆರೋಮರು ಪ್ರವಾದಿ ಯೆಶಾಯನ ಗ್ರಂಥವನ್ನು ಅರ್ಥಕ್ಕೆ ತಕ್ಕಂತೆ ತು೦ಡು ತುಂಡು ಸಾಲುಗಳಾಗಿ ಬರೆಸಿದರು. ಅದು ಓದುವವರ ಅನುಕೂಲಕ್ಕಾಗಿ ಎಂದು ಮುನ್ನುಡಿಯಲ್ಲಿ ತಿಳಿಸಿದರು. ಪದಗಳ ನಡುವೆ ಜಾಗ ಬಿಡದೆ ಬರೆಯುತ್ತಿದ್ದ ಕಾಲ ಅದು. ಭಾನುವಾರ ವಾಚನ ಓದುವ ನಮ್ಮ ಯುವಜನರು ಈಗ ಮೊಬೈಲಿನಲ್ಲಿ ಅಭ್ಯಾಸ ಮಾಡುತ್ತಾರೆ. ಮೊಬೈಲಿನ ವರ್ಡ್‌ನಲ್ಲಿ ಫೋನಿನ ಚಿತ್ರದ ಗುಂಡಿಯೊಂದಿದೆ. ಅದನ್ನು ಒತ್ತಿದರೆ ಹಾಳೆ ಮಾಯವಾಗಿ ಸಾಲುಗಳು ಪರದೆಯ ಅಗಲಕ್ಕೆ ಬರುತ್ತವೆ. ಗೂಗಲ್ ಡಾಕ್ಸ್ 2022ರಲ್ಲಿ ಪುಟವೇ ಇಲ್ಲದ ‘ಪೇಜ್‌ಲೆಸ್’ ನೋಟವನ್ನು ತಂದಿದೆ, ಗಣಕಯಂತ್ರದಲ್ಲಿ ಅದನ್ನೇ ಡಿಫಾಲ್ಟ್ ಮಾಡಿಕೊಳ್ಳಲೂ ಬರುತ್ತದೆ. ಮನೆಯಲ್ಲಿ ಓದಲು ಇವು ಬಹಳ ಹಿತ. ಆದರೆ ಪೀಠದ ಮೇಲೆ ಇಡುವ ಹಾಳೆಯಲ್ಲಿ ಸಾಲು ಎಲ್ಲಿ ಮುರಿಯುತ್ತದೆಂದು ಮೊಬೈಲ್ ತಿಳಿಸದು. ಅಚ್ಚು ಹಾಕುವ ಮೊದಲು ಹಾಳೆಯ ನೋಟಕ್ಕೆ ಹೋಗಿ ನೋಡಲೇಬೇಕು.

ಇನ್ನು ಹಲವರು ಹಂಚಿಕೊಳ್ಳುವ ಯಂತ್ರದ ಮಾತು. ಗುರುಗಳಾದ ನಮಗೆ ವರ್ಗಾವಣೆ ಸಹಜ. ನಾವು ಹೋದರೂ ಯಂತ್ರ ಅಲ್ಲಿಯೇ ಉಳಿಯುತ್ತದೆ. ಕಚೇರಿಯಲ್ಲಿ ಉಪದೇಶಿ, ಸಿಸ್ಟರ್, ಯುವಸಂಘದವರು ಎಲ್ಲರೂ ಅದನ್ನೇ ಬಳಸುತ್ತಾರೆ. ಆದ್ದರಿಂದ ಮೇಲೆ ಹೇಳಿದ ‘ನಾರ್ಮಲ್’ ಮಾದರಿಯನ್ನು ಒಬ್ಬರ ರುಚಿಗೆ ತಿದ್ದುವುದು ಹಂಚಿಕೊಂಡ ಯಂತ್ರದಲ್ಲಿ ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ಅದು ಮನೆಯ ಯಂತ್ರಕ್ಕೆ ಸರಿ. ಕಚೇರಿಯಲ್ಲಿ ಕೆಲಸಕ್ಕೊಂದು ಮಾದರಿ ಮಾಡಿಟ್ಟರೆ ಯಾರಿಗೂ ತೊಂದರೆಯಾಗದು: ಪ್ರಮಾಣಪತ್ರದ ಮಾದರಿ ಹಾಳೆಯ ನೋಟದಲ್ಲಿ, ಎ4 ಅಳತೆಯಲ್ಲಿ, ರಿಜಿಸ್ಟರ್ ನಕಲಿನ ಮಾದರಿ ವೆಬ್ ಲೇಔಟಿನಲ್ಲಿ. ಎ4 ಎಂದು ಒತ್ತಿ ಹೇಳಲು ಕಾರಣ, ಅನೇಕ ಯಂತ್ರಗಳು ಅಮೆರಿಕದ ‘ಲೆಟರ್’ ಅಳತೆಯನ್ನೇ ಹಿಡಿದುಕೊಂಡಿರುತ್ತವೆ. ಅದು ಎ4ಗಿಂತ 6 ಮಿಲಿಮೀಟರ್ ಅಗಲ, 18 ಮಿಲಿಮೀಟರ್ ಗಿಡ್ಡ. ಮುದ್ರೆ ಒತ್ತಬೇಕಾದ ಜಾಗ ಸರಿಯುವುದು ಹೀಗೆ. ಪುಟಗಳ ನಡುವಿನ ಗಡಿಯ ಮೇಲೆ ಎರಡು ಸಲ ಕ್ಲಿಕ್ ಮಾಡಿದರೆ ಮೇಲಿನ ಕೆಳಗಿನ ಖಾಲಿ ಅಂಚು ಮಾಯವಾಗುತ್ತದೆ, ಮತ್ತೆ ಹಾಗೆಯೇ ಮಾಡಿದರೆ ಮರಳುತ್ತದೆ. ತಿಳಿಯದೆ ಒತ್ತಿ, ಅಂಚು ಹೋಯಿತೆಂದು ಕಂಗಾಲಾಗುವವರಿಗಾಗಿ ಇದನ್ನೂ ಬರೆದಿದ್ದೇನೆ. ನಾನು ಏನನ್ನು ಬದಲಿಸಿದ್ದೇನೆಂದು ನಾಲ್ಕು ಸಾಲು ಕನ್ನಡದಲ್ಲಿ ಬರೆದು ಮೇಜಿನ ಗಾಜಿನ ಕೆಳಗೆ ಇಟ್ಟುಬರುತ್ತೇನೆ.

ಮೇಷ್ಟರು ಮೊನ್ನೆ ಫೋನ್ ಮಾಡಿದ್ದರು. ಪುಸ್ತಕ ಮುಗಿದಿದೆ, ಪೆನ್‌ಡ್ರೈವಿನಲ್ಲಿ ಡಿಟಿಪಿ ಅಂಗಡಿಗೆ ಕೊಡಲು ಹೊರಟಿದ್ದಾರೆ. “ಅಲ್ಲಿ ತೆಗೆದಾಗಲೂ ನನ್ನ ಥರಾನೇ ದೊಡ್ಡದಾಗಿ ಕಾಣ್ತದಾ ಫಾದರ್?” ಎಂದು ಕೇಳಿದರು.

“ಕಾಣುತ್ತೆ ಮೇಷ್ಟ್ರೇ. ನೋಟ ಕಡತದ ಜೊತೆಗೇ ಹೋಗುತ್ತೆ. ಕೊಡೋ ಮುಂಚೆ ಪ್ರಿಂಟ್ ಲೇಔಟು, ನೂರಕ್ಕೆ ಇಳಿಸಿ ಸೇವ್ ಮಾಡಿಬಿಡಿ. ಇಲ್ಲದಿದ್ರೆ ಅಲ್ಲಿಯ ಹುಡುಗ ಬೆಚ್ಚಿಬೀಳ್ತಾನೆ” ಎಂದೆ.

“ಬೀಳ್ಲಿ ಬಿಡಿ” ಎಂದು ನಕ್ಕರು. “ಮುದುಕ ಹೆಂಗೆ ಬರ್ದ ಅಂತ ಅವನೂ ಒಂದ್ಸಲ ನೋಡ್ಲಿ.”